ಗ್ರಂಥಋಣ

ನನ್ನ ಕೋಣೆಯ ಅಟ್ಟದ ಮೇಲೆ ಪಾದರಕ್ಷೆಯ ಎರಡು ಡಬ್ಬಗಳಿವೆ. ಅವುಗಳಲ್ಲಿ ಪಾದರಕ್ಷೆಗಳಿಲ್ಲ, ನನ್ನ ಪಾಂಡಿತ್ಯವಿದೆ. ಸುಮಾರು ನಾಲ್ವತ್ತು ವರ್ಷಗಳ ಹಿಂದೆ ನಾನು ಮಹಾಪ್ರಬಂಧ ಬರೆಯುತ್ತಿದ್ದಾಗ ಓದಿದ ಪುಸ್ತಕಗಳಿಗೆಲ್ಲ ಒಂದೊಂದು ಕಾರ್ಡು ಮಾಡಿ, ದಾರ ಕಟ್ಟಿ, ಅದರಲ್ಲಿ ತುಂಬಿಟ್ಟಿದ್ದೆ. ಪ್ರತಿ ದೀಪಾವಳಿಗೂ ಮನೆ ಗುಡಿಸುವಾಗ ಅವನ್ನು ರದ್ದಿಯವನಿಗೆ ಹಾಕುವ ಮಾತು ಬರುತ್ತದೆ. ಪ್ರತಿ ಸಲವೂ ನಾನು ಸರಸ್ವತಿಯ ಹೆಸರು ಹೇಳಿ ಉಳಿಸಿಕೊಂಡಿದ್ದೇನೆ.

ಈಗ ನನ್ನ ಸೊಸೆಯೂ ಸಂಶೋಧನೆಗೆ ಕೈಹಾಕಿದ್ದಾಳೆ. ಅವಳ ವಿಷಯವೂ ನನ್ನದರ ನೆರೆಯದೇ: ಹಳೆಯ ಮೈಸೂರು ಸೀಮೆಯ ಕೆರೆಗಳು ಮತ್ತು ಅವುಗಳ ಶಾಸನಗಳು. ಆದರೆ ಅವಳ ಬಳಿ ಡಬ್ಬಗಳೂ ಇಲ್ಲ, ದಾರವೂ ಇಲ್ಲ. ವಿಶ್ವವಿದ್ಯಾನಿಲಯದ ಗ್ರಂಥಭಂಡಾರದ ಸೂಚಿಯನ್ನು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ತೆರೆಯುತ್ತಾಳೆ, ‘ಕೆರೆ’ ಎಂದು ಹುಡುಕುತ್ತಾಳೆ, ಪರದೆಯ ಮೂಲೆಯ ಒಂದು ಗುರುತನ್ನು ಒತ್ತುತ್ತಾಳೆ. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ಊರು, ವರ್ಷ ಎಲ್ಲವೂ ತಾವಾಗಿಯೇ ಬಂದು ಅವಳ ಪಟ್ಟಿಯಲ್ಲಿ ಕುಳಿತುಕೊಳ್ಳುತ್ತವೆ. ಬರೆಯುತ್ತ ಬರೆಯುತ್ತ ಒಂದು ಕಡೆ ಆ ಪುಸ್ತಕವನ್ನು ಉಲ್ಲೇಖಿಸಿದರೆ ಸಾಕು, ಅಡಿಟಿಪ್ಪಣಿಯೂ ಸಿದ್ಧ, ಕೊನೆಯ ಗ್ರಂಥಋಣವೂ ಸಿದ್ಧ. ನಾನು ಮೂರು ತಿಂಗಳು ಕುಳಿತು ಮಾಡಿದ ಕೆಲಸವನ್ನು ಅವಳು ಕಾಫಿ ಆರುವುದರೊಳಗೆ ಮುಗಿಸುತ್ತಾಳೆ.

ಇಂಥ ತಂತ್ರಾಂಶಗಳು ಹಲವು ಉಂಟಂತೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ 2006ರಲ್ಲಿ ಹೊರಬಂದ ಜೊಟೆರೊ ಎಂಬುದು ಪುಕ್ಕಟೆ ಸಿಗುತ್ತದೆ. ಎಂಡ್‌ನೋಟ್ ಎಂಬುದಕ್ಕೆ ಹಣ ತೆರಬೇಕು. ಸೊಸೆ ಬಳಸುವುದು ಯಾವುದೆಂದು ಹೇಳುವ ಅಗತ್ಯವಿಲ್ಲ. ಗ್ರಂಥಭಂಡಾರದ ಸೂಚಿಯೊಡನೆ ಇವು ಮಾತನಾಡಬಲ್ಲುದಕ್ಕೆ ಕಾರಣ ಮಾತ್ರ ಹಳೆಯದು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಹೆನ್ರಿಯೆಟ್ ಏವ್ರಮ್ ಎಂಬ ಮಹಿಳೆಯ ಮುಂದಾಳುತನದಲ್ಲಿ ಸೂಚಿಯ ಕಾರ್ಡನ್ನು ಯಂತ್ರ ಓದುವಂತೆ ಮಾಡುವ ಕ್ರಮವೊಂದನ್ನು ರಚಿಸಿದರು. ಅದಕ್ಕೆ ಮಾರ್ಕ್ ಎಂದು ಹೆಸರು. ಗ್ರಂಥಕರ್ತನಿಗೆ 100ನೆಯ ಮನೆ, ಪುಸ್ತಕದ ಹೆಸರಿಗೆ 245ನೆಯ ಮನೆ, ಹೀಗೆ. ಬೀದಿಯಲ್ಲಿ ಮನೆಗಳಿಗೆ ನಂಬರು ಹಾಕಿದಂತೆ.

ಮನೆಗೆ ನಂಬರು ಹಾಕಿದ ಮಾತ್ರಕ್ಕೆ ಒಳಗಿರುವವರು ಯಾರೆಂದು ತಿಳಿಯುವುದೆ? ಒಂದು ಸಂಜೆ ಸೊಸೆ ನನ್ನನ್ನು ಕರೆದಳು.

“ಮಾವ, ಇಲ್ಲಿ ಸ್ವಲ್ಪ ನೋಡಿ. ಈ ಮೂವರಲ್ಲಿ ನಿಮ್ಮ ಮೇಷ್ಟರು ಯಾರು?”

ಕನ್ನಡಕ ಹಾಕಿಕೊಂಡು ನೋಡಿದೆ. ನನ್ನ ಗುರುಗಳು ಮೂರು ಸಣ್ಣ ಪುಸ್ತಕಗಳನ್ನು ಬರೆದವರು. ಒಂದರಲ್ಲಿ ಅವರ ಹೆಸರು ಎರಡು ಇನಿಷಿಯಲ್‌ಗಳೊಡನೆ ಕನ್ನಡದಲ್ಲಿತ್ತು. ಇನ್ನೊಂದರಲ್ಲಿ ಅಕ್ಷರಗಳ ಮೇಲೂ ಕೆಳಗೂ ಚುಕ್ಕೆ ಗೆರೆಗಳನ್ನು ಹೊತ್ತ ರೋಮನ್ ಲಿಪಿಯಲ್ಲಿತ್ತು. ಮೂರನೆಯದರಲ್ಲಿ ಊರು, ತಂದೆಯ ಹೆಸರು, ತಮ್ಮ ಹೆಸರು ಎಲ್ಲವೂ ಬಿಡಿಬಿಡಿಯಾಗಿ ಬಂದು, ಕೊನೆಯ ತುಂಡು ಮನೆತನದ ಹೆಸರೆಂಬ ಗೌರವದಿಂದ ಮುಂದಕ್ಕೆ ಹಾರಿತ್ತು. ಅಕಾರಾದಿ ಪಟ್ಟಿಯಲ್ಲಿ ಒಬ್ಬರೇ ಮನುಷ್ಯರು ಮೂರು ಕಡೆ ಕುಳಿತಿದ್ದರು.

“ಮೂವರೂ ಅವರೇ ಕಣಮ್ಮ” ಎಂದೆ.

ತಪ್ಪು ಯಂತ್ರದ್ದಲ್ಲ. ಮನುಷ್ಯನಿಗೆ ಒಂದು ಸ್ವಂತ ಹೆಸರು, ಒಂದು ಮನೆತನದ ಹೆಸರು ಇರುತ್ತವೆ ಎಂದು ಯಾರೋ ಅದಕ್ಕೆ ಹೇಳಿಕೊಟ್ಟಿದ್ದಾರೆ. ಬೇಂದ್ರೆಯವರ ಮಟ್ಟಿಗೆ ಅದು ನಿಜ. ಮಾಸ್ತಿಯವರ ಮಟ್ಟಿಗೆ? ಮಾಸ್ತಿ ಎಂಬುದು ಊರು. ಅದನ್ನು ಹಿಂದಕ್ಕೆ ತಳ್ಳಿ ಅಯ್ಯಂಗಾರ್ ಎಂಬುದನ್ನು ಮುಂದಿಟ್ಟರೆ ಯಾವ ಕನ್ನಡಿಗ ಅವರನ್ನು ಹುಡುಕಿಯಾನು? ಒಂದೇ ಪಟ್ಟಿಯಲ್ಲಿ ‘ಕ’ ಅಕ್ಷರದಲ್ಲಿ ಕುವೆಂಪು, ‘ಪ’ ಅಕ್ಷರದಲ್ಲಿ ಪುಟ್ಟಪ್ಪ ಕುಳಿತು ಪರಸ್ಪರ ಪರಿಚಯವೇ ಇಲ್ಲದವರಂತೆ ಇರಬಹುದು. ಹಳೆಯ ಗ್ರಂಥಭಂಡಾರಗಳ ಮರದ ಡ್ರಾಯರುಗಳಲ್ಲಿ ಇದಕ್ಕೆ ಉಪಾಯವಿತ್ತು. ಒಂದು ಹೆಸರಿನ ಕಾರ್ಡಿನಲ್ಲಿ ‘ನೋಡಿ’ ಎಂದು ಬರೆದು ಇನ್ನೊಂದು ಹೆಸರನ್ನು ಸೂಚಿಸುತ್ತಿದ್ದರು. ದಾರಿ ತಪ್ಪಿದವನಿಗೆ ಹಿರಿಯರು ಕೈ ತೋರಿಸಿದಂತಿತ್ತು ಆ ಒಂದು ಮಾತು. ಈಗಲೂ ಗ್ರಂಥಪಾಲಕರು ಅಂಥ ಪಟ್ಟಿಗಳನ್ನು ಇಡುತ್ತಾರೆ. ಆದರೆ ಗುರುತು ಒತ್ತಿದಾಗ ಪುಸ್ತಕದ ವಿವರ ಮಾತ್ರ ಬರುತ್ತದೆ, ಆ ಕೈ ಬರುವುದಿಲ್ಲ.

ಇದು ಹೊಸ ತೊಡಕೂ ಅಲ್ಲ. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಕೊಟ್ಟ ಎಸ್. ಆರ್. ರಂಗನಾಥನ್ ಅವರು ಸೂಚಿಯಲ್ಲಿ ವ್ಯಕ್ತಿಗಳ ಹೆಸರನ್ನು ಹೇಗೆ ಬರೆಯಬೇಕೆಂಬುದಕ್ಕೂ ನಿಯಮಗಳನ್ನು ಮಾಡಿದ್ದರು. ಓದುಗನ ಸಮಯ ಉಳಿಸಬೇಕೆಂಬುದು ಅವರ ನಾಲ್ಕನೆಯ ಸೂತ್ರ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಆ ಹಿರಿಯರ ಹೆಸರಿನಲ್ಲೂ ಮೊದಲಿನದು ಊರು, ನಡುವಿನದು ತಂದೆ, ಕೊನೆಯದೇ ಅವರು.

ಸೊಸೆ ಪರಿಹಾರವನ್ನು ಆಗಲೇ ಕಂಡುಕೊಂಡಿದ್ದಳು. ಹೆಸರನ್ನು ಎರಡು ತುಂಡು ಮಾಡದೆ ಒಂದೇ ಮನೆಯಲ್ಲಿ ಇಡುವುದಕ್ಕೆ ಒಂದು ಸಣ್ಣ ಗುಂಡಿಯಿದೆ. ಒತ್ತಿದಳು, ನಾನು ಹೇಳಿದಂತೆ ಬರೆದಳು, ಮೂವರು ಒಬ್ಬರಾದರು. ಎಪಿಗ್ರಾಫಿಯಾ ಕರ್ನಾಟಿಕಾದ ಗತಿಯೂ ಹಾಗೆಯೇ ಆಗಿತ್ತು. ಬಿ. ಎಲ್. ರೈಸ್ ಅವರು 1886ರಿಂದ ಸಂಪುಟ ಸಂಪುಟವಾಗಿ ಹೊರತಂದ ಆ ರಾಶಿ ಸೂಚಿಯಲ್ಲಿ ಒಂದೇ ಸಾಲು. ಯಾವ ಸಂಪುಟ, ಯಾವ ತಾಲ್ಲೂಕು, ಎಷ್ಟನೆಯ ಶಾಸನ ಎಂಬುದನ್ನು ಕೈಯಾರೆ ತುಂಬಬೇಕು. ತುಂಬಿದೆವು. ಉಳಿದದ್ದು ಮೇಷ್ಟರ ಒಂದು ಪುಸ್ತಕದ ವರ್ಷ. ಎರಡು ಕಡೆ ಎರಡು ವರ್ಷ ತೋರಿಸುತ್ತಿತ್ತು. “ಶೀರ್ಷಿಕೆಯ ಪುಟವನ್ನು ನಾನೇ ನೋಡಿ ಬರುತ್ತೇನೆ” ಎಂದು ಮಾರನೆಯ ದಿನ ಗ್ರಂಥಭಂಡಾರಕ್ಕೆ ಹೊರಟೆ. ನಿವೃತ್ತನಿಗೆ ಒಂದು ಕೆಲಸ ಸಿಕ್ಕಿತಲ್ಲ ಎಂಬ ಉತ್ಸಾಹ.

ವರ್ಷ ಗುರುತು ಮಾಡಿಕೊಂಡೆ. ಅಷ್ಟಕ್ಕೇ ಎದ್ದು ಬರಬಹುದಾಗಿತ್ತು. ಆದರೆ ಗುರುಗಳ ಪುಸ್ತಕವನ್ನು ಕೈಯಲ್ಲಿ ಹಿಡಿದು ತೆರೆಯದೆ ಇಡುವುದು ಹೇಗೆ? ಕಿಟಕಿಯ ಬಳಿ ಕುಳಿತು ಹಾಳೆ ತಿರುವಿದೆ. ಒಂದು ಪುಟದ ನಡುವೆ ಈ ವಾಕ್ಯ ಕಂಡಿತು: ಕೆರೆ ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ಹೂಳೆತ್ತಿದವನ ಹೆಸರು ನೀರಿನಲ್ಲಿ ಉಳಿಯುತ್ತದೆ.

ನನ್ನ ಎದೆ ಧಸಕ್ಕೆಂದಿತು. ಅದು ನನ್ನ ವಾಕ್ಯ. ನನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯ ಆ ವಾಕ್ಯದಿಂದಲೇ ಆರಂಭವಾಗುತ್ತದೆ. ಎಷ್ಟೋ ಭಾಷಣಗಳಲ್ಲಿ ಅದನ್ನು ಹೇಳಿ ಚಪ್ಪಾಳೆ ಪಡೆದಿದ್ದೇನೆ. ಸೊಸೆ ತನ್ನ ಪ್ರಬಂಧದಲ್ಲಿ ಮೂರು ಕಡೆ ಅದನ್ನು ನನ್ನ ಹೆಸರಿನಲ್ಲಿ ಉಲ್ಲೇಖಿಸಿದ್ದಾಳೆ.

ಮನೆಗೆ ಬಂದವನೇ ಅಟ್ಟ ಹತ್ತಿದೆ. ದಾರ ಬಿಚ್ಚಿ ಹುಡುಕಿದೆ. ಆ ಕಾರ್ಡು ಸಿಕ್ಕಿತು. ನನ್ನದೇ ಅಕ್ಷರದಲ್ಲಿ ಆ ವಾಕ್ಯ. ಮೇಲೆ ಪುಸ್ತಕದ ಹೆಸರಿಲ್ಲ, ಪುಟದ ಸಂಖ್ಯೆಯಿಲ್ಲ. ಬೆನ್ನಿಗೆ ಹಾಲಿನವನ ಲೆಕ್ಕ. ಕಾರ್ಡಿಗೆ ಬರ ಬಂದಿದ್ದ ತಿಂಗಳಿರಬೇಕು. ಆಮೇಲೆ ಬರೆಯೋಣ ಎಂದುಕೊಂಡಿದ್ದೆನೇನೋ. ಹೆಸರಿಲ್ಲದ ಚೀಟಿ ಎರಡು ವರ್ಷ ಡಬ್ಬದಲ್ಲಿದ್ದು ಹೊರಬರುವಾಗ ನನ್ನದಾಗಿ ಬಂತು.

ಇಷ್ಟೇ ಆಗಿದ್ದರೆ ಮರೆವು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಆ ಅಧ್ಯಾಯದ ಕರಡನ್ನು ಓದಿದವರು ಮೇಷ್ಟರೇ. ಆ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಎಳೆದಿದ್ದರು. ಮಾತಿಲ್ಲ, ಟಿಪ್ಪಣಿಯಿಲ್ಲ, ಬರಿಯ ಗೆರೆ. ಅದನ್ನು ನಾನು ಮೆಚ್ಚಿಗೆಯೆಂದು ತಿಳಿದೆ, ಹೆಂಡತಿಗೂ ತೋರಿಸಿದೆ. ಅವರು ಕಾದಿರಬಹುದು. ಈಗ ಕೇಳೋಣವೆಂದರೆ ಅವರಿಲ್ಲ.

ಈಗಿನ ಪ್ರಬಂಧಗಳನ್ನು ಹೋಲಿಕೆಗಾಗಿ ಯಂತ್ರದಿಂದ ಪರೀಕ್ಷಿಸುತ್ತಾರೆ. ಯುಜಿಸಿಯವರ 2018ರ ನಿಯಮದಂತೆ ಹೋಲಿಕೆ ನೂರಕ್ಕೆ ಹತ್ತರೊಳಗಿದ್ದರೆ ದಂಡವಿಲ್ಲ. ಆ ಲೆಕ್ಕದಲ್ಲಿ ನಾನು ನಿರಪರಾಧಿ. ಆದರೆ ನಾನು ಜೀವಮಾನವೆಲ್ಲ ಓದಿದ್ದು ಶಾಸನಗಳನ್ನು. ಇನ್ನೊಬ್ಬರು ಕೊಟ್ಟದ್ದನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂದು ಅವು ಕೊನೆಯಲ್ಲಿ ಶಪಿಸುತ್ತವೆ. ಅಲ್ಲಿ ನೂರಕ್ಕೆ ಹತ್ತರ ವಿನಾಯಿತಿ ಇಲ್ಲ.

ರಾತ್ರಿ ಊಟವಾದ ಮೇಲೆ ಸೊಸೆಗೆ ಹೇಳಿದೆ. ಹೇಳುವುದು ಸುಲಭವಾಗಲಿಲ್ಲ. ಮೊದಲು ವರ್ಷ ಹೇಳಿದೆ, ಆಮೇಲೆ ಬಸ್ಸಿನ ವಿಚಾರ, ಆಮೇಲೆ ಇದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಪುಟ ಎಷ್ಟು ಮಾವ?” ಎಂದಳು. ಹೇಳಿದೆ. ಮೂರು ಕಡೆಯೂ ನನ್ನನ್ನು ತೆಗೆದು ಮೇಷ್ಟರನ್ನು ಕೂರಿಸಿದಳು. ಕೊನೆಗೆ ಗ್ರಂಥಋಣವನ್ನು ತೆರೆದು ನೋಡಿದರೆ ನನ್ನ ಮಹಾಪ್ರಬಂಧವೇ ಪಟ್ಟಿಯಲ್ಲಿರಲಿಲ್ಲ. ಎಲ್ಲಿಯೂ ಉಲ್ಲೇಖವಾಗದ ಪುಸ್ತಕವನ್ನು ತಂತ್ರಾಂಶ ತಾನಾಗಿಯೇ ಬಿಟ್ಟುಬಿಡುತ್ತದಂತೆ. ಅದಕ್ಕೆ ದಾಕ್ಷಿಣ್ಯವಿಲ್ಲ.

“ಅಯ್ಯೋ, ನಿಮ್ಮದೇ ಹೋಯಿತಲ್ಲ. ಬೇರೆ ಎಲ್ಲಾದರೂ ಸೇರಿಸಲೇ ಮಾವ?”

“ನನ್ನದು ಎಂಬುದು ಅದರಲ್ಲಿ ಏನಾದರೂ ಇದ್ದರೆ ಸೇರಿಸಮ್ಮ” ಎಂದೆ. “ಓದಿ ನೋಡಿ ಸೇರಿಸು.”

ಅವಳು ಈಗ ಓದುತ್ತಿದ್ದಾಳೆ. ನಾನು ಆ ಕಾರ್ಡಿನ ನೆತ್ತಿಯ ಮೇಲೆ ಮೇಷ್ಟರ ಹೆಸರನ್ನು, ಪುಸ್ತಕದ ಹೆಸರನ್ನು, ಪುಟದ ಸಂಖ್ಯೆಯನ್ನು ಬರೆದು ಡಬ್ಬಕ್ಕೆ ಹಾಕಿದ್ದೇನೆ. ಅವರ ಹೆಸರು ಹೇಗೆ ಬರೆಯಬೇಕೆಂಬುದು ಆ ಯಂತ್ರಕ್ಕೆ ತಿಳಿಯದು. ಆದರೆ ಯಾರಿಂದ ಏನು ಪಡೆದೆವೆಂಬುದನ್ನು ಅದು ಬಿಡದೆ ಬರೆದಿಡುತ್ತದೆ. ಅವರ ಹೆಸರು ನನಗೆ ಚೆನ್ನಾಗಿ ತಿಳಿದಿತ್ತು. ಬರುವ ದೀಪಾವಳಿಗೆ ಡಬ್ಬಗಳನ್ನು ಎಸೆಯುವ ಮಾತು ಬಂದರೆ ಸರಸ್ವತಿಯ ಹೆಸರು ಹೇಳಲಾರೆ. ಇನ್ನೂ ಎಷ್ಟು ಚೀಟಿಗಳಿಗೆ ಹೆಸರಿಲ್ಲವೋ ನೋಡಬೇಕಾಗಿದೆ ಎನ್ನುತ್ತೇನೆ.