ಹಳೆ ಹಂಡೆ, ಹೊಸ ಒಲೆ

ಮೇ 6

ಬಚ್ಚಲೊಲೆ ಈ ಮಳೆಗಾಲ ದಾಟುವ ಹಾಗೆ ಕಾಣುವುದಿಲ್ಲ. ಎಡಗಡೆಯ ಜಂಬಿಟ್ಟಿಗೆ ಬೆಂದು ಬೆಂದು ಪುಡಿಯಾಗಿದೆ. ಅಲ್ಯುಮಿನಿಯಂ ಹಂಡೆಯ ತಳಕ್ಕೆ ಹಾಕಿಸಿದ ತೇಪೆ ಮತ್ತೆ ಜಿನುಗುತ್ತಿದೆ. ಮಗಳು ಫೋನಿನಲ್ಲಿ, ‘ಗೀಸರ್ ಹಾಕ್ಸಿ ಅಪ್ಪಾ, ಹೊಗೆ ತಪ್ಪತ್ತೆ’ ಎಂದಳು. ಶಿವಮೊಗ್ಗದಲ್ಲಿರುವವರಿಗೆ ಅದು ಸರಿ. ಸೊರಬದ ಈ ಮೂಲೆಯಲ್ಲಿ ಜುಲೈ ಗಾಳಿಗೆ ಒಂದು ಟೊಂಗೆ ತಂತಿ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ. ಸೋಲಾರ್ ಮಾತಂತೂ ಎತ್ತುವುದೇ ಬೇಡ; ಬಿಸಿನೀರು ಬೇಕೇ ಬೇಕಾದ ತಿಂಗಳಲ್ಲಿ ಸೂರ್ಯನೇ ರಜೆಯಲ್ಲಿರುತ್ತಾನೆ.

ಅಮ್ಮನ ತಕರಾರು ಬೇರೆ. ‘ಗೀಸರ್ ಮುಂದೆ ಕೂತು ಚಳಿ ಕಾಸಕ್ಕೆ ಆಗ್ತದನಾ?’

ಮೇ 11

ಶಿಕಾರಿಪುರಕ್ಕೆ ಹೋಗಿದ್ದೆ. ಕೋರ್ಟಿನ ಕೆಲಸ ಹನ್ನೊಂದಕ್ಕೇ ಮುಗಿಯಿತು (ಮುಗಿಯಿತು ಎಂದರೆ ಮುಂದಕ್ಕೆ ಹೋಯಿತು). ಬಸ್ಸಿಗೆ ಹೊತ್ತಿತ್ತು, ಒಂದು ಗುಜರಿ ಅಂಗಡಿಗೆ ನುಗ್ಗಿದೆ. ಮುರಿದ ಸೈಕಲ್ಲು, ಪಂಪ್‌ಸೆಟ್ಟುಗಳ ನಡುವೆ ಒಂದು ತಾಮ್ರದ ಬಾಯ್ಲರ್! ಮೈಸೂರು, ಬೆಂಗಳೂರಿನ ಹಳೇ ಮನೆಗಳಲ್ಲಿ ಇರುತ್ತಿತ್ತಲ್ಲ, ಅದೇ: ಉದ್ದನೆಯ ಕೊಳಗ, ನಡುವೆ ಹೊಗೆಯ ಕೊಳವೆ, ಅಡಿಯಲ್ಲಿ ಇದ್ದಿಲು ಹಾಕುವ ಜಾಲರಿ, ಪಕ್ಕದಲ್ಲಿ ಹಿತ್ತಾಳೆ ನಲ್ಲಿ. ‘ಇದ್ದಿಲು ಹಾಕಿ ಅಣ್ಣಾ, ಹೊಗೆನೇ ಇರಲ್ಲ, ಒಂದು ಹಿಡಿ ಗರಟ ಹಾಕಿದ್ರೂ ಸಾಕು’ ಎಂದ ಅಂಗಡಿಯವನು. ಸುಳ್ಳಲ್ಲ. ಬೆಂಕಿಯ ಸುತ್ತಲೂ ನೀರೇ ಇರುವುದರಿಂದ ಶಾಖಕ್ಕೆ ತಪ್ಪಿಸಿಕೊಳ್ಳಲು ಹೆಚ್ಚು ದಾರಿಯಿಲ್ಲ.

ತಿರುಗಿಸಿ ಮುರುಗಿಸಿ ನೋಡಿದೆ. ನಡುಗೊಳವೆಯ ಬುಡದಲ್ಲಿ ಹೊಸ ಬೆಸುಗೆಯ ಬಿಳಿ ಗೆರೆ. ಯಾರೋ ನೀರು ಹಾಕದೆ ಉರಿ ಹಾಕಿದ್ದಾರೆ. ತಾಮ್ರ ಕರಗಬೇಕಾದರೆ 1085 ಡಿಗ್ರಿ ಬೇಕು; ತವರ ಸೀಸದ ಬೆಸುಗೆ 200 ಡಿಗ್ರಿಯ ಒಳಗೇ ನೀರಾಗುತ್ತದೆ. ನೀರಿರುವ ತನಕ ಬೆಸುಗೆ 100 ಡಿಗ್ರಿಯನ್ನು ಹೆಚ್ಚು ದಾಟುವುದಿಲ್ಲ, ನೀರು ಮುಗಿದ ಐದು ನಿಮಿಷಕ್ಕೆ ಕಥೆ ಮುಗಿಯಿತು. ನಮ್ಮ ಮನೆಯಲ್ಲಿ ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಬೆಂಕಿ ಹಾಕುವವರು ಮೂರು ಜನ. ಆದರೂ ಆಸೆ ಹೋಗಲಿಲ್ಲ. ಬೆಲೆ ಕೇಳಿ, ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಮೇ 12

ಕೂತು ಲೆಕ್ಕ ಹಾಕಿದೆ. 50 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಬೇಕಾದ್ದು ಸುಮಾರು ಎರಡು ಯೂನಿಟ್ ಕರೆಂಟಿನಷ್ಟು ಶಾಖ. ಒಣ ಕಟ್ಟಿಗೆ ಅರ್ಧ ಕಿಲೋದಲ್ಲಿ ಅಷ್ಟಿದೆ. ನಾವು ಸುಡುವುದು ಐದು ಕಿಲೋ! ತೆರೆದ ಒಲೆಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಎಂದು ಓದಿದ್ದು ನಮ್ಮ ಬಚ್ಚಲಿಗೂ ಸರಿಹೊಂದುತ್ತದೆ.

ಅಮ್ಮನಿಗೆ ಹೇಳಿದೆ. ಅವಳು ನೆಲ್ಲಿ ಚೆಟ್ಟು ಅಟ್ಟಕ್ಕೇರಿಸುತ್ತಿದ್ದಳು, ತಿರುಗಿ ನೋಡಲಿಲ್ಲ. ‘ಉಳಿದ ಒಂಬತ್ತು ಪಾಲಲ್ಲಿ ನಿನ್ನ ಚಡ್ಡಿ ಒಣಗಿದ್ದು’ ಎಂದಳು.

ಇದನ್ನು ನಗೆಮಾತು ಎಂದು ಬಿಡುವಂತಿಲ್ಲ. ಮಳೆಗಾಲದ ಮೂರು ತಿಂಗಳು ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಮನೆಯವರೆಲ್ಲರ ಬಟ್ಟೆ, ಅಟ್ಟದಲ್ಲಿ ಬೀಜದ ಸೌತೆ, ವಾಟೆಹುಳಿ, ಮುಂದಿನ ವಾರದ ಹಸಿ ಕಟ್ಟಿಗೆ, ಮೂಲೆಯಲ್ಲಿ ತೋಟದಿಂದ ನೆನೆದು ಬಂದ ಕಂಬಳಿ. ಒಲೆ ಮುಂದೆ ನಾವು. ಮನೆ ಬೆಚ್ಚಗಿಡಲೆಂದು ನಮ್ಮಲ್ಲಿ ಬೇರೆ ಏನೂ ಇಲ್ಲ. ನೀರು ಕಾಯುವುದನ್ನಷ್ಟೇ ಅಳೆದರೆ ಬಾಯ್ಲರ್ ಗೆಲ್ಲುತ್ತದೆ, ಆದರೆ ಅದರ ಪಕ್ಕ ಕೂತವನು ನಡುಗುತ್ತಲೇ ಇರುತ್ತಾನೆ.

ಹಾಗಾದರೆ ಬಾಯ್ಲರಿನ ಜೊತೆ ಅಮ್ಮನ ಕೋಣೆಗೆ ಒಂದು ಇದ್ದಿಲ ಅಗ್ಗಿಷ್ಟಿಕೆ? ಅದು ಬೇಡವೇ ಬೇಡ. ಇದ್ದಿಲಿಗೆ ಹೊಗೆಯಿಲ್ಲ ಎಂಬುದೇ ಅದರ ಮೋಸ. ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸದೆ ಒಯ್ಯುತ್ತದೆ. ಹೊಗೆಯಾದರೂ ಕೆಮ್ಮಿಸಿ ಹೊರಗೆ ಓಡಿಸುತ್ತದೆ. ಮೇಲಾಗಿ ಇದ್ದಿಲು ಎಲ್ಲಿಂದ ತರುವುದು? 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸಲು ಶುರುಮಾಡಿದ್ದೇ ಇದ್ದಿಲಿನಲ್ಲಿ. ಈ ಜಿಲ್ಲೆಯ ಕಾಡು ಎಷ್ಟೋ ಅದರ ಬಾಯಿಗೆ ಹೋಯಿತು. ಈಗ ಇದ್ದಿಲ ಚೀಲ ಕಾಣುವುದು ಇಸ್ತ್ರಿಯವನ ಗಾಡಿಯ ಕೆಳಗೆ. ನಮ್ಮಲ್ಲಿ ರಾಶಿ ಬಿದ್ದಿರುವುದು ಅಡಿಕೆ ಸಿಪ್ಪೆ, ಸೋಗೆ, ಹಾಳೆ. ಆ ಸಪೂರ ಜಾಲರಿಗೆ ಇವು ಒಗ್ಗುವುದಿಲ್ಲ. ಬಾಯ್ಲರ್ ಆಸೆ ಬಿಟ್ಟೆ.

ಮೇ 19

ಭಾವನ ಮನೆ, ಶಿರಾಳಕೊಪ್ಪದ ಆಚೆ. ಹಳೆ ಮನೆ ಕೀಳಿಸಿ ಆರ್‌ಸಿಸಿ ಹಾಕಿಸುತ್ತಿದ್ದಾರೆ. ಹಿತ್ತಲಲ್ಲಿ ತಾಮ್ರದ ಹಂಡೆ ಬೋರಲು ಬಿದ್ದಿತ್ತು, ಅದರ ಮೇಲೆ ಕೋಳಿ. ಗುಜರಿಯವನು ಆಗಲೇ ತೂಗಿ ಹೋಗಿದ್ದನಂತೆ. ‘ಅವ್ನಿಗ್ ಕೊಡೋ ರೇಟಿಗೇ ನಿಮಗೂ ಕೊಡ್ತೀನಿ, ಸಂಬಂಧ ಬೇರೆ, ವ್ಯವಹಾರ ಬೇರೆ’ ಎಂದ ಭಾವ. ಒಳ್ಳೆಯದೇ ಆಯಿತು, ಧೈರ್ಯವಾಗಿ ಪರೀಕ್ಷೆ ಮಾಡಬಹುದು.

ಕತ್ತಲ ಕೋಣೆಗೆ ಒಯ್ದು ಒಳಗೆ ಟಾರ್ಚ್ ಇಳಿಬಿಟ್ಟೆವು. ಸೂಜಿಮೊನೆಯಷ್ಟು ತೂತಿದ್ದರೂ ಹೊರಗೆ ಚುಕ್ಕಿ ಕಾಣುತ್ತದೆ. ಕಾಣಲಿಲ್ಲ. ತಳವನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತಾ ಹೋದರೆ ಸವೆದಲ್ಲಿ ಸದ್ದು ತೆಳುವಾಗುತ್ತದೆ. ಒಂದು ಕಡೆ ಸ್ವಲ್ಪ ಅನುಮಾನ. ನೀರು ತುಂಬಿ ಒಣ ಮರಳಿನ ಮೇಲೆ ರಾತ್ರಿಯಿಡೀ ಕೂರಿಸಿದೆವು. ಬೆಳಿಗ್ಗೆ ಮರಳು ಒಣಗಿಯೇ ಇತ್ತು. ಕಂಠದಲ್ಲಿ ಕಿಲುಬು ಇದೆ, ಹುಣಸೆಹುಳಿಗೆ ಹೋಗುತ್ತದೆ. ಮಿಂದು ಬಿಡುವ ನೀರಿಗೆ ಕಲಾಯಿ ಬೇಕಿಲ್ಲ.

ಕೆಡವಿದ ಅಡುಗೆಮನೆಯ ಸಿಮೆಂಟ್ ಕೊಳವೆ, ನಾಲ್ಕು ಇಂಚಿನದು, ಅದನ್ನೂ ಹಾಕಿಸಿಕೊಂಡೆ. ಇದಕ್ಕೆ ಮಾತ್ರ ಭಾವ ದುಡ್ಡು ಕೇಳಲಿಲ್ಲ.

ಮೇ 28

ಮೇಸ್ತ್ರಿ ಬಂದಿದ್ದಾನೆ. ಅಸ್ತ್ರ ಒಲೆ ಕಟ್ಟಲು ಹಿಂದೆ ತರಬೇತಿ ಪಡೆದವನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಘಟಕದಿಂದ ಬಂದದ್ದು ಆ ಒಲೆ: ಮುಚ್ಚಿದ ಗೂಡು, ಅಡಿಯಲ್ಲಿ ಜಾಲರಿ, ಉರಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಯ್ದು ಚಿಮಣಿ ಸೇರುವ ದಾರಿ. ಹತ್ತರಲ್ಲಿ ಮೂರು ಪಾಲು ಶಾಖ ಪಾತ್ರೆಗೆ ದಕ್ಕಿಸಿದ ಲೆಕ್ಕ ಅವರದು.

ಬಚ್ಚಲಿಗೂ ಅದೇ ಸೂತ್ರ. ಹಂಡೆಯ ಹೊಟ್ಟೆಗೂ ಗೋಡೆಗೂ ಎರಡೇ ಬೆರಳು ಸಂದು. ಉರಿ ಹಂಡೆಯನ್ನು ಸವರಿಕೊಂಡೇ ಹೋಗಬೇಕು. ಮೊದಲು ಮೇಸ್ತ್ರಿ ಸುತ್ತಲೂ ಎರಡು ಸುತ್ತು ಇಟ್ಟಿಗೆ ಹಾಕಿ ನಡುವೆ ಭತ್ತದ ಹೊಟ್ಟಿನ ಬೂದಿ ತುಂಬುತ್ತೇನೆ ಎಂದ. ಬೂದಿ ಶಾಖವನ್ನು ಹೊರಗೆ ಬಿಡುವುದಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ‘ಹೊರಗೇ ಬಿಡದಿದ್ರೆ ಕಟ್ಟಿ ಏನು ಬಂತು?’

ಕೊನೆಗೆ ಆದ ರಾಜಿ: ಮೂರು ಕಡೆ ಬೂದಿ, ಕೂರುವ ಕಡೆ ಬರೀ ಕಲ್ಲು. ಒಲೆಬಾಯಿಗೆ ಕಬ್ಬಿಣದ ತಗಡಿನ ಕದ. ನೀರು ಕಾಯುವ ತನಕ ಮುಚ್ಚಿರಲಿ, ಆಮೇಲೆ ತೆಗೆದು ಕೆಂಡದ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರಲಿ. ಯಾವ ಪ್ರಯೋಗಾಲಯವೂ ಇದಕ್ಕೆ ಅಂಕ ಕೊಡಲಿಕ್ಕಿಲ್ಲ.

ಮೇ 30

ಹುತ್ತದ ಮಣ್ಣು, ಸೆಗಣಿ ಕಲಸಿ ಒಳಮೈಗೆ ಮೆತ್ತಿದ್ದಾಯಿತು. ಸಿಮೆಂಟು ಉರಿಗೆ ಸಿಡಿಯುತ್ತದೆ. ಚಿಮಣಿಯನ್ನು ಮಾಡಿನ ನೆತ್ತಿಗಿಂತ ಎರಡಡಿ ಮೇಲಕ್ಕೆ ಒಯ್ದು ತಗಡಿನ ಟೊಪ್ಪಿ ಹಾಕಿದ್ದಾನೆ ಮೇಸ್ತ್ರಿ. ಗಿಡ್ಡವಾದರೆ ಪಡುಗಾಳಿ ಹೊಗೆಯನ್ನು ವಾಪಸ್ ಒಳಗೆ ತಳ್ಳುತ್ತದೆ. ವಾರವಿಡೀ ಬೆಂಕಿ ಹಾಕಕೂಡದು, ಆಮೇಲೂ ಎರಡು ದಿನ ಬರೀ ದರಗಿನ ಉರಿ ಎಂದು ತಾಕೀತು. ಅಲ್ಲಿತನಕ ಕೊಟ್ಟಿಗೆ ಒಲೆಯಲ್ಲಿ ನೀರು.

ಜೂನ್ 23

ಮಳೆ ಹಿಡಿದಿದೆ. ಹೊಗೆ ಬಚ್ಚಲಿಗೆ ಬರುವುದಿಲ್ಲ ಎಂಬುದು ಮೊದಲ ಸುದ್ದಿ. ಮೊದಲಿನ ಅರ್ಧ ಕಟ್ಟಿಗೆ ಸಾಕು, ಇದು ಎರಡನೆಯದು. ಮೂರನೆಯದು ಅಮ್ಮನ ದೂರು: ಹೊಗೆಯಿಲ್ಲದೆ ಅಟ್ಟದ ಬೀಜದ ಸೌತೆಗೆ ಹುಳ ಬೀಳುತ್ತದಂತೆ. ಮಾತಿನಲ್ಲಿ ಹುರುಳಿದೆ. ಬೀಜದ ಸೌತೆಯನ್ನು ಅಡುಗೆ ಒಲೆಯ ಮೇಲಿನ ಅಟ್ಟಕ್ಕೆ ದಾಟಿಸಿದೆವು. ಬಟ್ಟೆ ಮಾತ್ರ ಹೊಗೆ ನಾತವಿಲ್ಲದೆ ಒಣಗುತ್ತಿದೆ, ಹೆಂಡತಿಗೆ ಅಷ್ಟೇ ಸಾಕು.

ಅಡಿಕೆ ಸಿಪ್ಪೆ ಒಂದನ್ನೇ ಹಾಕಿದರೆ ಬರೀ ಕುಮುಟುತ್ತದೆ. ಕೆಳಗೆ ಎರಡು ಕುಂಟೆ ಇಟ್ಟು ಮೇಲೆ ಸಿಪ್ಪೆ ಸುರಿದರೆ ರಾತ್ರಿ ಎಂಟರ ಕೆಂಡ ಬೆಳಿಗ್ಗೆ ಐದಕ್ಕೂ ಊದಿದರೆ ಹತ್ತುತ್ತದೆ.

ಜುಲೈ 14

ಭಾವ ಬಂದಿದ್ದ. ಹೊಸ ಮನೆಯ ಗೀಸರಿಗೆ ಮೂರು ದಿನದಿಂದ ಕರೆಂಟಿಲ್ಲ. ಮಿಂದು, ಕದ ತೆಗೆದು ಒಲೆ ಮುಂದೆ ಕೂತವನು ಊಟಕ್ಕೆ ಕರೆದರೂ ಏಳಲಿಲ್ಲ. ಹಂಡೆ ವಾಪಸ್ ಕೊಡುತ್ತೀರಾ ಎಂದು ಅರ್ಧ ತಮಾಷೆಯಲ್ಲಿ ಕೇಳಿದ. ‘ಸಂಬಂಧ ಬೇರೆ, ವ್ಯವಹಾರ ಬೇರೆ’ ಎಂದೆ. ಕೊನೆಗೆ ಹಿಡಿಕಡ್ಡಿ ಮುರಿದು ಒಲೆಬಾಯಿಯ ಅಗಲ, ಎತ್ತರ ಅಳೆದುಕೊಂಡ. ಮೇಸ್ತ್ರಿಗೆ ಫೋನ್ ಮಾಡಿದರೆ, ನಾಟಿ ಮುಗಿಯದೆ ಯಾರ ಮನೆಗೂ ಬರುವುದಿಲ್ಲ ಎಂದ.