ನಾಟಾದ ಊರು

ಬೇರೆ ಊರುಗಳು ಗದ್ದೆಯ ಬದಿಯಲ್ಲಿಯೋ ದೇವಾಲಯದ ಸುತ್ತಲೋ ಬೆಳೆದವು. ಕಾಳೀನದಿಯ ತೀರದ ದಾಂಡೇಲಿಯಾದರೋ ಬೆಳೆದುದು ಮರದ ರಾಶಿಯ ಮಗ್ಗುಲಲ್ಲಿ. ದಾಂಡೇಲಪ್ಪನ ಗುಡಿಯುಂಟು; ಊರಿಗೆ ಹೆಸರನ್ನಿತ್ತವನು ಆತನೇ ಎಂದು ಜನರ ನಂಬುಗೆಯೂ ಉಂಟು. ಆದರೆ ಅನ್ನವನ್ನಿತ್ತುದು ಸಾಗುವಾನಿ. ಬ್ರಿಟಿಷರು ಅಳ್ನಾವರದಿಂದ ಇತ್ತ ರೈಲುದಾರಿಯನ್ನು ಹಾಕಿಸಿದುದು ನಾಟಾ ಒಯ್ಯುವುದಕ್ಕಾಗಿ. ಮನುಷ್ಯರ ಪ್ರಯಾಣವು ಆಮೇಲಿನ ಮಾತು.

ಕೆಲಸವನ್ನರಸಿ ಕನ್ನಡಿಗರು, ಕೊಂಕಣಿಗರು, ಮರಾಠಿಗರು, ತೆಲುಗರು, ಮಲೆಯಾಳಿಗಳು ಇಲ್ಲಿಗೆ ಬಂದರು. ಒಂದೇ ಸಾಲಿನ ಮನೆಗಳಲ್ಲಿ ನಾಲ್ಕೈದು ಭಾಷೆ. ಭೋಂಗಾದ ಕೂಗು ಮಾತ್ರ ಎಲ್ಲರಿಗೂ ಅರ್ಥವಾಗತಕ್ಕುದು. ರಾತ್ರಿಯ ಪಾಳಿ ಮುಗಿಸಿ ಬಂದ ತಂದೆ ಹಗಲು ಮಲಗಿರುವ ಮನೆಯಲ್ಲಿ ಮಕ್ಕಳು ಪಿಸುಮಾತಿನಲ್ಲಿಯೇ ಜಗಳವಾಡುವುದನ್ನು ಕಲಿಯುತ್ತಾರೆ. ಕಾಗದವಾಗುವುದಕ್ಕೆ ಬೇಯುವ ಕಟ್ಟಿಗೆಯ ವಾಸನೆಗೆ ನೆಂಟರು ಮೂಗು ಮುಚ್ಚಿಕೊಂಡರೆ ಮನೆಯವರು ಆಶ್ಚರ್ಯಪಡುವರು. ನಾಲ್ಕು ದಿನ ಧಾರವಾಡದಲ್ಲಿದ್ದು ಹಿಂದಿರುಗಿದಾಗ ಮಾತ್ರ ಅವರಿಗೂ ಅದು ತಾಕುವುದು, ಮನೆ ಬಂತೆಂಬ ಸಮಾಧಾನದೊಡನೆ.

ಈ ಊರಿನಲ್ಲಿ ಒಬ್ಬ ವೃದ್ಧನಿದ್ದಾನೆ. ಪ್ರಾಯದಲ್ಲಿ ಕೊಡಲಿ ಹಿಡಿದವನು, ಅನಂತರ ಪ್ಲೈವುಡ್ ಕಾರ್ಖಾನೆಯನ್ನು ಸೇರಿದನು. ಅಲ್ಲಿ ದಿಮ್ಮಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಉದ್ದವಾದ ಅಲಗಿನೆದುರು ತಿರುಗಿಸುವರು. ಸುತ್ತಿದ ಚಾಪೆ ಬಿಚ್ಚಿದಂತೆ ತೆಳುವಾದ ಹಾಳೆ ಹೊರಬರುವುದು. ಹಾಳೆಯ ಮೇಲೆ ಹಾಳೆಯನ್ನು ಎಳೆ ಅಡ್ಡಬರುವಂತೆ ಅಂಟಿಸಿ ಒತ್ತಿದರೆ ಹಲಗೆಯಾಯಿತು. ಆ ಅಲಗಿಗೆ ಅವನ ಬೆರಳಿನ ಒಂದು ಗೆಣ್ಣು ಹೋಗಿದೆ. ದಿಮ್ಮಿಯನ್ನು ಒಮ್ಮೆ ತಟ್ಟಿ, ಒಳಗೆ ಪೊಳ್ಳೋ ಗಟ್ಟಿಯೋ ಎಂದು ಹೇಳಬಲ್ಲನು. ಅಮರಕೋಶದ ವನೌಷಧಿವರ್ಗವನ್ನು ನಿಲ್ಲದೆ ಒಪ್ಪಿಸುವ ಪಂಡಿತರು ಎಷ್ಟೋ ಮಂದಿ. ಅವರನ್ನು ಕಾಡಿನಲ್ಲಿ ನಿಲ್ಲಿಸಿ ಹೊನ್ನೆ ಯಾವುದು, ನಂದಿ ಯಾವುದು ಎಂದು ಕೇಳಿದರೆ ಪಾಂಡಿತ್ಯವು ಅಲ್ಲಿಗೆ ಮುಗಿಯಿತು.

ವಿಚಿತ್ರವೆಂದರೆ, ಕಾಗದದ ಕಾರ್ಖಾನೆಯ ಕಂಪನಿ ಸ್ಥಾಪನೆಯಾದುದು ೧೯೫೫ರಲ್ಲಿ. ದಾಂಡೇಲಿಯ ವನ್ಯಮೃಗಗಳಿಗೆ ಅಭಯಾರಣ್ಯವು ಘೋಷಿತವಾದುದು ೧೯೫೬ರಲ್ಲಿ. ಕೊಡಲಿಯೂ ಅಭಯವೂ ಒಂದು ವರ್ಷದ ಅಂತರದಲ್ಲಿ ಬಂದವು! ಬಹುಕಾಲ ಕೊಡಲಿಯೇ ಮುಂದಿತ್ತು. ೧೯೮೮ರ ರಾಷ್ಟ್ರೀಯ ಅರಣ್ಯನೀತಿಯು, ಕಾರ್ಖಾನೆಗಳಿಗೆ ಬೇಕಾದ ಮರವನ್ನು ರೈತರ ನೆರವಿನಿಂದ ಬೆಳೆಸಿಕೊಳ್ಳಬೇಕೆಂದು ಹೇಳಿತು. ಪ್ಲೈವುಡ್ ಕಾರ್ಖಾನೆ ಮುಚ್ಚಿತು. ಕಾಗದದ ಕಾರ್ಖಾನೆಯು ರೈತರು ಬೆಳೆದ ನೀಲಗಿರಿ, ಸುಬಾಬುಲ್ ಮರಗಳಿಂದ ನಡೆಯುತ್ತಿದೆ. ೨೦೦೭ರಲ್ಲಿ ಈ ಕಾಡು ಹುಲಿಗಳಿಗೆ ಮೀಸಲಾಯಿತು.

ವೃದ್ಧನ ಮಗನು ಈಗ ಪ್ರವಾಸಿಗರನ್ನು ಜೀಪಿನಲ್ಲಿ ಕೂಡಿಸಿಕೊಂಡು ಅದೇ ಕಾಡಿಗೆ ಹೋಗುತ್ತಾನೆ. ತಂದೆಯ ಮನೆ ನಡೆದುದು ಬಿದ್ದ ಮರದಿಂದ. ಮಗನ ಮನೆ ನಡೆಯುವುದು ನಿಂತ ಮರದಿಂದ. ಇದರಲ್ಲಿ ತಂದೆಗೆ ಸಂತೋಷವೂ ಉಂಟು. ತನ್ನ ಆಯುಷ್ಯವೆಲ್ಲ ಅಪರಾಧವಾಗಿ ಎಣಿಕೆಯಾಯಿತಲ್ಲ ಎಂಬ ಕಸಿವಿಸಿಯೂ ಉಂಟು. ನಿನ್ನೆ ಒಳ್ಳೆಯ ದುಡಿಮೆಯೆನಿಸಿದುದನ್ನು ಇಂದು ತಪ್ಪೆಂದು ತಿಳಿಸುವವರು, ಆ ಕಾಗದದ ಮೇಲೆಯೇ ಬರೆದು ತಿಳಿಸುತ್ತಾರೆ.

ಒಂದು ಸಂಜೆ ಮಗನು ಬಂದು ಕೇಳಿದನು: "ಅಪ್ಪಾ, ಇವತ್ತ ಒಂದು ಗಿಡದ ಹೆಸರು ಕೇಳಿದರು, ಗೊತ್ತಾಗಲಿಲ್ಲ."

"ತೊಗಟಿ ಹ್ಯಾಂಗಿತ್ತು?"

"ಮೊಸಳಿ ಬೆನ್ನಿನ ಹಾಂಗ."

"ಮತ್ತಿ ಅದು. ಬ್ಯಾಸಗ್ಯಾಗ ಹೊಟ್ಟ್ಯಾಗ ನೀರು ಇಟಗೊಂಡಿರತದ."

ಮಗನು ಚೀಟಿಯಲ್ಲಿ ಬರೆದುಕೊಂಡನು. ನೀರಿರುವುದು ನಿನಗೆ ಹೇಗೆ ತಿಳಿಯಿತೆಂದು ಅವನು ಕೇಳಲಿಲ್ಲ. ತಂದೆಯು ಮುಂದಿನ ಗಿಡವನ್ನು ಹೇಳತೊಡಗಿದನು.