ಬಾಗಿಲು ಒದ್ದು ನುಗ್ಗುವ ಆಟ

ದಶಕಗಳ ಕಾಲ ಉತ್ತರಪತ್ರಿಕೆ ತಿದ್ದಿದ ಕೈಗೆ ನಿವೃತ್ತಿಯ ನಂತರವೂ ಅಂಕ ನೀಡುವ ಅಭ್ಯಾಸ ತಪ್ಪಿಲ್ಲವೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳು ಜಗಲಿಯಲ್ಲಿ ಹರಡಿಕೊಂಡು ಆಡಿದ ‘ಮಂಚ್‌ಕಿನ್’ ಎಂಬ ಕಾರ್ಡಿನ ಆಟವನ್ನು ಈ ಸಲ ಪರೀಕ್ಷಿಸಿದ್ದೇನೆ. ಅದನ್ನು ಮನೆಗೆ ತರಬಹುದೇ ಎಂದು ಬಂಧುಗಳಲ್ಲಿ ಕೆಲವರು ಕೇಳಿದ್ದಾರೆ. ಅವರಿಗಾಗಿ ಈ ಬರಹ.

ಇದನ್ನು ರೂಪಿಸಿದವರು ಅಮೆರಿಕದ ಸ್ಟೀವ್ ಜಾಕ್ಸನ್. ನಗೆಚಿತ್ರಗಳು ಜಾನ್ ಕೊವಾಲಿಕ್ ಅವರವು. 2001ರಲ್ಲಿ ಹೊರಬಂದ ಈ ಆಟದಲ್ಲಿ 168 ಕಾರ್ಡುಗಳು ಮತ್ತು ಒಂದು ದಾಳವಿವೆ. ಮೂವರಿಂದ ಆರು ಮಂದಿ ಆಡಬಹುದು. ಎಲ್ಲರೂ 1ನೆಯ ಹಂತದಿಂದ ಹೊರಡುತ್ತಾರೆ. ಮೊದಲು 10ನೆಯ ಹಂತ ಮುಟ್ಟಿದವರು ಗೆದ್ದಂತೆ. ಸರದಿ ಬಂದಾಗ ‘ಬಾಗಿಲು’ ಕಾರ್ಡೊಂದನ್ನು ತೆರೆಯಬೇಕು. ಅದರ ಹಿಂದೆ ರಾಕ್ಷಸನಿರಬಹುದು, ಶಾಪವೂ ಇರಬಹುದು. ನಮ್ಮ ಹಂತ ಮತ್ತು ಆಯುಧಗಳ ಬಲ ಸೇರಿ ರಾಕ್ಷಸನ ಬಲವನ್ನು ಮೀರಿದರೆ ಜಯ, ನಿಧಿ ಮತ್ತು ಬಡ್ತಿ. ಸಾಲದಿದ್ದರೆ ಜೊತೆಯವರಲ್ಲೊಬ್ಬರ ನೆರವನ್ನು ಬೇಡಬೇಕು, ಇಲ್ಲವೇ ಓಡಬೇಕು. ಓಡಿ ಪಾರಾಗಲು ದಾಳದಲ್ಲಿ 5 ಅಥವಾ 6 ಬೀಳಬೇಕು.

ಮೇಲ್ನೋಟಕ್ಕೆ ಇದು ರಾಕ್ಷಸಸಂಹಾರ. ಎರಡು ಆಟ ನೋಡಿದ ಮೇಲೆ ಇದು ಚೌಕಾಸಿಯ ಆಟವೆಂದು ನನಗೆ ಮನವರಿಕೆಯಾಯಿತು. ನೆರವಿಗೆ ಬಂದವನು ಪುಕ್ಕಟೆಯಾಗಿ ಬರುವುದಿಲ್ಲ. ನಿಧಿಯಲ್ಲಿ ಪಾಲು ಕೇಳುತ್ತಾನೆ. ಉಳಿದವರು ಅದೇ ಹೊತ್ತಿಗೆ ರಾಕ್ಷಸನ ಬಲವನ್ನು ಹೆಚ್ಚಿಸಿ ಇಬ್ಬರನ್ನೂ ಕೆಡವಬಹುದು. ಮಕ್ಕಳಿಗೆ ಮೋಸ ಕಲಿಸಿದಂತಾಗದೇ ಎಂದು ನನ್ನ ಸೊಸೆ ಆಕ್ಷೇಪಿಸಿದಳು. ನನಗೆ ಹಾಗನ್ನಿಸಲಿಲ್ಲ. ಚೌಕಾಬಾರದಲ್ಲಿ ಎದುರಾಳಿಯ ಕಾಯಿ ಕಡಿದಾಗ ನಾವು ಅದನ್ನು ಮೋಸವೆನ್ನುವುದಿಲ್ಲ. ಅದು ಎಲ್ಲರಿಗೂ ಸಮಾನವಾದ ನಿಯಮ. ಇಲ್ಲಿಯೂ ಅಷ್ಟೇ. ಮೇಲಾಗಿ, ಸರದಿಯ ಕೊನೆಗೆ ಕೈಯಲ್ಲಿ 5ಕ್ಕಿಂತ ಹೆಚ್ಚು ಕಾರ್ಡು ಉಳಿದರೆ ಹೆಚ್ಚಿನವನ್ನು ಎಲ್ಲರಿಗಿಂತ ಹಿಂದುಳಿದವನಿಗೆ ಕೊಡಬೇಕೆಂಬ ದಾನದ ನಿಯಮವೂ ಇದೆ. ತರಗತಿಯಲ್ಲಿ ಬಾಯಿಬಿಡದ ಹುಡುಗರನ್ನು ಎಷ್ಟೋ ಕಂಡವನು ನಾನು. ಅಂಥದೇ ಸ್ವಭಾವದ ನನ್ನ ಕಿರಿಯ ಮೊಮ್ಮಗ ಮೂರನೆಯ ದಿನ, “ನನಗೆ ಯಾರು ಸಹಾಯ ಮಾಡ್ತೀರಿ?” ಎಂದು ಗಟ್ಟಿಯಾಗಿ ಕೇಳಿದ್ದು ನನಗೆ ದೊಡ್ಡ ಸಂಗತಿಯೆನಿಸಿತು.

ಆದರೆ ಕೊರತೆಗಳೂ ಇವೆ. ಯಾರಾದರೂ 9ನೆಯ ಹಂತಕ್ಕೆ ಬಂದೊಡನೆ ಎಲ್ಲರೂ ಸೇರಿ ಅವರನ್ನು ತಡೆಯುತ್ತಾರೆ. ಹೀಗಾಗಿ ಕೊನೆಯ ಭಾಗ ಎಳೆಯುತ್ತದೆ. ಬುದ್ಧಿಬಲಕ್ಕಿಂತ ಅದೃಷ್ಟದ ಪಾಲು ಹೆಚ್ಚು. ಅದಕ್ಕಿಂತ ದೊಡ್ಡ ತೊಡಕು ಭಾಷೆಯದು. ನಮ್ಮ ಮನೆಯಲ್ಲಿ ಚೌಕಾಬಾರದಲ್ಲಿ ಅಜೇಯಳಾದ ನನ್ನ ಅಕ್ಕನಿಗೆ ಇಂಗ್ಲಿಷ್ ಓದಲು ಬಾರದು. ಕೈಯಲ್ಲಿರುವ ಕಾರ್ಡನ್ನು ಯಾರಿಗೂ ತೋರಿಸಬಾರದ ಆಟದಲ್ಲಿ ಅನುವಾದಕರನ್ನು ಇಟ್ಟುಕೊಳ್ಳುವುದು ಹೇಗೆ? ಮೊಮ್ಮಗಳು ತನ್ನ ಆಟ ಬಿಟ್ಟು ಅವಳ ಪಕ್ಕ ಕುಳಿತು ಕಿವಿಯಲ್ಲಿ ಕನ್ನಡದಲ್ಲಿ ಹೇಳತೊಡಗಿದಳು. ಶ್ಲೇಷೆಗಳು ದಾರಿಯಲ್ಲೇ ಸತ್ತವು. ಕುಂಡದ ಗಿಡವೂ ಒಂದು ರಾಕ್ಷಸನೆಂದು ತಿಳಿದಾಗ ಮಾತ್ರ ಅಕ್ಕ ಮನಸಾರೆ ನಕ್ಕಳು. ತನಗೆ ಶಾಪ ತಗಲಿದಾಗ, “ಶಾಪ ಇದ್ದ ಮೇಲೆ ವಿಮೋಚನೆಯೂ ಇರಬೇಕಲ್ಲ?” ಎಂದಳು. ಶಾಪವನ್ನು ರದ್ದುಗೊಳಿಸುವ ಉಂಗುರವೊಂದು ನಿಜಕ್ಕೂ ಆ ಆಟದಲ್ಲಿದೆ! ನಿಯಮವನ್ನು ಓದದೆಯೇ ಅವಳು ಅದನ್ನು ಊಹಿಸಿದ್ದಳು.

ನನ್ನ ತೀರ್ಪು: ನೂರಕ್ಕೆ ಅರವತ್ತೈದು. ಸೋತರೂ ನಗಬಲ್ಲ ನಾಲ್ವರು ಸೇರಿದರೆ ಧಾರಾಳವಾಗಿ ತನ್ನಿ. ಸೋಲಿಗೆ ಮುನಿಯುವವರಿದ್ದರೆ ಬೇಡ. ಮನೆಯಲ್ಲಿ ಇಂಗ್ಲಿಷ್ ಬಾರದ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಮಗುವೊಂದನ್ನು ಕೂರಿಸಿ. ಅವರನ್ನು ಮಾತ್ರ ಆಟದಿಂದ ಹೊರಗಿಡಬೇಡಿ. ವಾದ ಹುಟ್ಟಿದರೆ ಗಟ್ಟಿಯಾಗಿ ಜಗಳವಾಡಿ ಬಗೆಹರಿಸಿಕೊಳ್ಳಿ, ಕೊನೆಯ ಮಾತು ಆಟದ ಒಡೆಯರದು ಎಂದು ನಿಯಮಪುಸ್ತಕವೇ ಹೇಳುತ್ತದೆ. ನಮ್ಮ ಜಗಲಿಯಲ್ಲಿ ಆ ಕೊನೆಯ ಮಾತು ಅಕ್ಕನದೇ ಆಗಿತ್ತೆಂದು ಬೇರೆ ಹೇಳಬೇಕಿಲ್ಲ.